ಅತ್ತಿಗೆಯ ಪಟ

ನಮ್ಮಣ್ಣ ಚಕ್ರಪಾಣಿಗೆ ಇದ್ದದ್ದು ಒಂದೇ ಹುಚ್ಚು, ಚಿತ್ರ ಬರೆಯುವುದು. ವಾರವಿಡೀ ಮಾಗಡಿ ರೋಡಿನ ಮಿಲ್ಲೊಂದರಲ್ಲಿ ಗುಮಾಸ್ತಿಕೆ, ಭಾನುವಾರ ಬಣ್ಣದ ಪೆಟ್ಟಿಗೆ. ಯಾರೂ ಕಲಿಸಿದವರಿಲ್ಲ. ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಲಕ್ಷ್ಮಿಯನ್ನು ಬರೆದು ಬರೆದೇ ಕೈ ಕುದುರಿಸಿಕೊಂಡಿದ್ದ. ರಾಜಾಜಿನಗರ ಆಗಿನ್ನೂ ಹೊಸದು. ನಮ್ಮ ಬೀದಿಯಲ್ಲಿದ್ದ ಏಳೆಂಟು ಮನೆಗಳ ಗೋಡೆಯಲ್ಲೂ ಅವನ ಲಕ್ಷ್ಮಿಯೇ ಇದ್ದಳು.

೧೯೫೩ರಲ್ಲಿ ಅತ್ತಿಗೆ ಅನಂತಲಕ್ಷ್ಮಿ ವಿಷಮಶೀತ ಜ್ವರದಲ್ಲಿ ಹೋದಳು. ಆರು ವರ್ಷದ ಸಂಸಾರ, ಮಕ್ಕಳಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಅಣ್ಣ ಮಿಲ್ಲಿಗೆ ಹೋದ, ಬಂದ, ಬಡಿಸಿದ್ದು ಉಂಡ. ಸಾರಿಗೆ ಉಪ್ಪು ಮರೆತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಹದಿನಾರು ವರ್ಷದ ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಏನೂ ಅನ್ನಿಸುತ್ತಿರಲಿಲ್ಲ, ಅದಕ್ಕೇ ಇರಬೇಕು ಆ ಸಿಟ್ಟು.

ವರ್ಷಾಬ್ದಿಕ ಮುಗಿಯುವುದನ್ನೇ ಕಾಯುತ್ತಿದ್ದವಳ ಹಾಗೆ ಅಮ್ಮ ನೆಲಮಂಗಲದ ಕಡೆಯ ಸೀತಾ ಎಂಬ ಹುಡುಗಿಯನ್ನು ಗೊತ್ತುಮಾಡಿದಳು. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ತೊಡಕು ಬಂದದ್ದು ಬೇರೆ ಕಡೆಯಿಂದ. ಮುತ್ತೈದೆಯಾಗಿ ಹೋದವಳ ಪಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಸೀರೆ, ರವಿಕೆ ಕಣ ಇಟ್ಟು ಕೈಮುಗಿಯದೆ ಎರಡನೆಯವಳನ್ನು ಮನೆ ತುಂಬಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅತ್ತಿಗೆಯದೋ ಒಂದೇ ಒಂದು ಫೋಟೋ ಇರಲಿಲ್ಲ. ಫೋಟೋ ಹಿಡಿಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ತಾಯಿ ಮದುವೆಯಲ್ಲೂ ಬಿಟ್ಟಿರಲಿಲ್ಲ. ಆಯಸ್ಸೇನು ಬೆಳೆಯಿತೋ ದೇವರೇ ಬಲ್ಲ.

“ನೀನೇ ಬರಿಯೋ. ಊರೋರ್ಗೆಲ್ಲ ಬರ್ಕೊಡ್ತೀಯ, ಕಟ್ಕೊಂಡೋಳದ್ದು ಬರ್ಯೋಕ್ಕಾಗಲ್ವಾ?” ಎಂದಳು ಅಮ್ಮ.

ಅಣ್ಣ ಕೂತ. ಮೊದಲ ಭಾನುವಾರ ಹಾಳೆಯ ಮೇಲೆ ಲಕ್ಷ್ಮಿ ಬಂದಳು. ಅದೇ ದುಂಡು ಮುಖ, ಅದೇ ಅರೆಮುಚ್ಚಿದ ಕಣ್ಣು, ಕಿರೀಟವೊಂದಿಲ್ಲ. ಹಾಳೆ ಪಕ್ಕಕ್ಕಿಟ್ಟ. ಮುಂದಿನ ಭಾನುವಾರ ಹೊಸ ಹಾಳೆ, ಮತ್ತೆ ಲಕ್ಷ್ಮಿ.

“ಅದನ್ನೇ ತಿದ್ದಬಾರ್ದಾ ಅಣ್ಣ?” ಎಂದು ಕೇಳಿದೆ.

“ನೀರುಬಣ್ಣ ಕಣೇ, ತಿದ್ದಿದ್ರೆ ಕೆಸರಾಗತ್ತೆ. ಹೊಸದಾಗೇ ಶುರು ಮಾಡ್ಬೇಕು.”

ಐದನೇ ಹಾಳೆಗೆ ಕುಂಚ ಕೆಳಗಿಟ್ಟ. “ಅವಳ ಮೂಗು ಹೇಗಿತ್ತೇ?”

ನಾನು ಬಾಯಿ ತೆರೆದೆ. ಗೊತ್ತಿರಲಿಲ್ಲ. ಆರು ವರ್ಷ ದಿನಾ ಅವಳ ಕೈಯಲ್ಲಿ ಜಡೆ ಹಾಕಿಸಿಕೊಂಡಿದ್ದೆ, ಅವಳು ನನ್ನ ಬೆನ್ನ ಹಿಂದೆ ಕೂರುತ್ತಿದ್ದಳು. ಅಣ್ಣನಿಗೆ ನೆನಪಿದ್ದದ್ದು ಒಲೆಯ ಮುಂದೆ ಬಾಗಿದ ಬೆನ್ನು, ಬಡಿಸುವ ಕೈ, ಬಳೆ. ಹಿರಿಯರ ಎದುರಿಗೆ ಗಂಡನಾದವನು ಹೆಂಡತಿಯ ಮುಖ ನೋಡುವುದು ಮರ್ಯಾದೆಯಲ್ಲ ಎಂದು ಬೆಳೆದವರು ನಾವು. ಎರಡು ಕೋಣೆಯ ಮನೆಯಲ್ಲಿ ಹಗಲೆಲ್ಲ ಅಮ್ಮ ಎದುರಿಗಿರುತ್ತಿದ್ದಳು, ಇರುಳಾದರೆ ದೀಪ ಆರಿಸುತ್ತಿದ್ದರು.

“ನಾನು ಅವಳನ್ನ ನೋಡೇ ಇಲ್ಲ ಕಣೇ” ಎಂದ, ಸೀಮೆಎಣ್ಣೆ ಮುಗಿದಿದೆ ಎನ್ನುವ ಧ್ವನಿಯಲ್ಲಿ.

ಅಮ್ಮನಿಗೆ ಐದನೆಯದು ಹಿಡಿಸಿತು. “ಎಷ್ಟು ಲಕ್ಷಣವಾಗಿದಾಳೆ!” ಎಂದು ಕಟ್ಟು ಹಾಕಿಸಿ, ಕುಂಕುಮ ಹಚ್ಚಿ, ಸೀರೆ ಇಟ್ಟಳು. ಯಾರಿಗೋ ನಾವೆಲ್ಲ ಕೈಮುಗಿದೆವು. ಹೊಸ ಹಾಳೆಗೇನು ಬರ, ಐದಲ್ಲ ಐವತ್ತು ಸಿಕ್ಕುತ್ತವೆ. ನೋಡುವ ಕಣ್ಣು ಹಳೆಯದೇ ಆದರೆ ಮೂಡುವ ಮುಖವೂ ಹಳೆಯದೇ. ಇದು ನನಗೆ ಆಗಲೇ ಹೊಳೆಯಿತು ಎಂದರೆ ಸುಳ್ಳಾದೀತು.

ಮದುವೆಯಾಗಿ ಸೀತಾ ಮನೆಗೆ ಬಂದ ನಾಲ್ಕನೇ ದಿನ ಭಾನುವಾರ. ಪಟಕ್ಕೆ ಹೂವಿಟ್ಟು, ತಗ್ಗಿಸಿದ ತಲೆ ಎತ್ತದೆ ಕೇಳಿದಳು, “ಅಕ್ಕ ಹೀಗೇ ಇದ್ರಾ?”

“ಹೂಂ, ಥೇಟ್ ಹೀಗೇ” ಎಂದಳು ಅಮ್ಮ.

“ಇಲ್ಲ” ಎಂದ ಅಣ್ಣ. “ಹೇಗಿದ್ಳೋ ನಂಗೊತ್ತಿಲ್ಲ.”

ಅವನು ಕಿಟಕಿಯ ಹತ್ತಿರ ಚಾಪೆ ಹಾಸಿದ. “ಸೀತಾ, ಇಲ್ಲಿ ಬೆಳಕಿಗೆ ಬಂದು ಕೂತ್ಕೋ. ಮುಖ ಎತ್ತು.”

“ಲೋ, ನಾನಿಲ್ಲೇ ಇದೀನಿ ಕಣೋ!” ಎಂದಳು ಅಮ್ಮ.

“ಇರಮ್ಮ.”

ಸೀತಾ ಮುಖ ಎತ್ತಿದಳು. ಎಡ ಹುಬ್ಬನ್ನು ಸೀಳಿದ ಹಳೆಯ ಗಾಯದ ಕಲೆಯಿತ್ತು. ಅಣ್ಣ ಬಹಳ ಹೊತ್ತು ನೋಡಿದ. ಅವಳ ಕೈ ತಾನಾಗಿ ಹುಬ್ಬಿಗೆ ಹೋಯಿತು.

“ಚಿಕ್ಕೋಳಿದ್ದಾಗ ಬಾವಿಕಟ್ಟೆ ಮೇಲೆ ಬಿದ್ದಿದ್ದೆ. ಅದೊಂದು ಬಿಟ್ಟು ಬರೀರಿ.”

“ಕೈ ತೆಗಿ” ಎಂದ ಅಣ್ಣ. “ಅಲ್ಲಿಂದ್ಲೇ ಶುರು ಮಾಡ್ತೀನಿ.”