ಕಳಸಗಿತ್ತಿಯ ಕಜ್ಜಿ

ನನ್ನ ಮದುವೆಗೆ ಇನ್ನೇನು ವಾರ ಇರುವಾಗ ಅಣ್ಣನ ಮಗಳಿಗೆ ಕಜ್ಜಿ ಎದ್ದಿತು. ಆರು ವರ್ಷದ ಈ ಪೋರಿಯೇ ನನ್ನ ಕಳಸಗಿತ್ತಿ, ತಾಳಿ ಕಟ್ಟುವಾಗ ಕಳಸ ಹಿಡಿದು ನನ್ನ ಪಕ್ಕ ನಿಲ್ಲುವವಳು. ಖಾಲಿ ತಂಬಿಗೆ ಹಿಡಿದು ನಮ್ಮೂರು ಮಂಠಾಳದ ಓಣಿ ತುಂಬ ತಾಲೀಮು ನಡೆಸಿದ್ದಳು. ಈಗ ತಂಬಿಗೆ ಕೆಳಗಿಟ್ಟು ಬೆರಳ ಸಂದು ಕೆರೆಯುವುದೇ ಕೆರೆಯುವುದು. ಅವಳು ಮಲಗುತ್ತಿದ್ದದ್ದು ನನ್ನ ಮಗ್ಗುಲಲ್ಲೇ. ಹಾಗಾಗಿ ಮದುಮಗಳೂ ಕೆರೆಯತೊಡಗಿದ್ದಳು.

ಬಸವಕಲ್ಯಾಣದ ಡಾಕ್ಟರಮ್ಮ ನಮ್ಮಿಬ್ಬರ ಕೈ ನೋಡಿ ನಕ್ಕೇಬಿಟ್ಟರು. "ಅಂಜಬ್ಯಾಡ್ರಿ. ಆದ್ರ ಮನ್ಯಾಗ ಇದ್ದವ್ರೆಲ್ಲ ಒಂದೇ ದಿವಸ ಔಷಧ ಹಚ್ಕೋಬೇಕು, ಕುತ್ತಿಗಿಯಿಂದ ಅಂಗಾಲ ತನಕ. ಒಬ್ರು ಬಿಟ್ರೂ ಮತ್ತ ಎಲ್ಲರಿಗೂ ಬರ್ತದ."

ನೆಂಟರು ತುಂಬಿದ ಮನೆಯಲ್ಲಿ ಇದನ್ನು ಹೇಳುವುದು ಹೇಗೆಂದು ನಾನು ಒದ್ದಾಡುತ್ತಿದ್ದರೆ ಅವ್ವ ಸಲೀಸಾಗಿ ದಾರಿ ಕಂಡಳು.

"ಅರಿಶಿಣ ಹಚ್ಕೊಳ್ಳೂದು ನಮಗ ಹೊಸಾದೇನು? ಇದು ಬಿಳಿ ಅರಿಶಿಣ ಅನ್ಕೋರಿ."

ಸಂಜೆ ಒಳಮನೆಯಲ್ಲಿ ಹೆಂಗಸರ ಸಭೆ ಸೇರಿತು. ಅವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ, ಬಟ್ಟಲಿನ ಔಷಧದಲ್ಲಿ ಮಾವಿನೆಲೆ ಅದ್ದಿ, ಪಾದ, ಮೊಣಕಾಲು, ಭುಜಕ್ಕೆ ಮುಟ್ಟಿಸಿ, ಶಾಸ್ತ್ರ ಮುಗಿಯಿತೆಂದು ಎದ್ದೇಬಿಟ್ಟಳು!

"ಎಲ್ಲಾ ಕಡಿ ಅಂದಾರಜ್ಜಿ, ಸಂದಿಗೊಂದ್ಯಾಗೂ!" ಎಂದು ಪೋರಿ ಕೂಗಿದಳು.

ಆಮೇಲೆ ಕೇಳಬೇಕೇ? ಅತ್ತಿಗೆ ಚಿಕ್ಕಮ್ಮನಿಗೆ ಬಳಿದಳು, ಚಿಕ್ಕಮ್ಮ ಅವ್ವನಿಗೆ ಬಳಿದಳು. ಯಾರೋ ಅರಿಶಿಣದ ಹಾಡನ್ನೇ ಎತ್ತಿದರು. ಪಡಸಾಲೆಯಲ್ಲಿ ಅಪ್ಪ, ಅಣ್ಣ ಒಬ್ಬರ ಬೆನ್ನು ಒಬ್ಬರು ಉಜ್ಜುತ್ತ ಬೈದಾಡುತ್ತಿದ್ದರು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಅಷ್ಟರಲ್ಲಿ ದುಬಲಗುಂಡಿಯಿಂದ ನನ್ನ ಅತ್ತೆಯಾಗುವವರು ಧಾರೆ ಸೀರೆ ತೋರಿಸಲೆಂದು ಬಂದು ಬಾಗಿಲಲ್ಲಿ ನಿಂತರು. ಹಾಡು ಗಕ್ಕನೆ ನಿಂತಿತು. ಪೋರಿ ಮಾತ್ರ ಹೆಮ್ಮೆಯಿಂದ ಎಲ್ಲವನ್ನೂ ಒದರಿದಳು.

ಅತ್ತೆಯ ಮುಖ ಗಂಟಿಕ್ಕಿತು. "ಕಳಸಕ್ಕ ಬ್ಯಾರೆ ಹುಡುಗೀನ ನೋಡ್ರಿ. ನಾಕು ಮಂದಿ ಏನಂದಾರು?"

ಪೋರಿ ತಂಬಿಗೆಯನ್ನು ಎದೆಗವಚಿಕೊಂಡಳು. ಕಣ್ಣಲ್ಲಿ ನೀರಾಡಿತು. ನನಗೆ ಸಿಟ್ಟು ನೆತ್ತಿಗೇರಿತು. ಇವಳಿಲ್ಲದಿದ್ದರೆ ನಾನೂ ಮಂಟಪ ಹತ್ತುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮೂಗು ಒರೆಸಿಕೊಂಡು ಅತ್ತೆಯ ಕೈಯನ್ನು ದಿಟ್ಟಿಸಿ ಕೇಳಿದಳು:

"ನಿಮಗೂ ಬಳಿ ಕೆಳಗ ತುರಸಾಕತ್ತದೇನ್ರಿ?"

ಬಂದಾಗಿನಿಂದ ಮಣಿಕಟ್ಟು ಕೆರೆಯುತ್ತಿದ್ದ ಅತ್ತೆ ಕೈಯನ್ನು ಥಟ್ಟನೆ ಸೆರಗಿನಲ್ಲಿ ಅಡಗಿಸಿದರು. ಚಿಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು.

"ನಮ್ಮ ಮೊಮ್ಮಗಗೂ ತುರಿಕಿ ಹತ್ಯಾದ. ಸೆಕಿಗಿ ಆಗ್ಯಾದಂತ ಸುಮ್ನಿದ್ವಿ" ಎಂದರು ಅತ್ತೆ, ಮೆಲ್ಲಗೆ.

ಅವ್ವ ಇನ್ನೊಂದು ಮಣೆ ಹಾಕಿದಳು. ಅತ್ತೆ ಕುಳಿತು, ಬಳೆಗಳನ್ನು ಮೇಲೆ ಸರಿಸಿದರು. ಪೋರಿ ತಂಬಿಗೆ ಬದಿಗಿಟ್ಟು, ಮರ್ಯಾದೆಯಿಂದ ಮಾವಿನೆಲೆ ಎತ್ತಿಕೊಂಡಳು.

"ಎಲಿ ಬ್ಯಾಡವ್ವ, ಕೈಲೇ ಹಚ್ಚು" ಎಂದರು ಅತ್ತೆ. "ಕಳಸಾ ಹಿಡಿಯೋ ಕೈ ಅಲ್ಲೇನು?"