ಮಂಕು ಬೇರೆ, ಮಕ್ಕು ಬೇರೆ

1986ರಲ್ಲಿ ನಾನು ಕೊಯಮತ್ತೂರಿನ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಚಿಕ್ಕ ಮಕ್ಕಳಿಗೆ ಎಂಥ ಮನಸ್ಸಿನ ಕಾಯಿಲೆ ಎಂದು ಡಾಕ್ಟರುಗಳೇ ನಗುತ್ತಿದ್ದ ಕಾಲ. ನಕ್ಕರೆ ನಗಲಿ, ನಾನೇನು ಅಂಗಡಿ ಮುಚ್ಚಲಿಲ್ಲ.

ಮೆಟ್ಟುಪಾಳ್ಯಂ ಕಡೆಯ ನೇಕಾರರ ರಾಜಮ್ಮ ತನ್ನ ಒಂಬತ್ತು ವರ್ಷದ ಮಗಳು ಸೌಡೇಶ್ವರಿಯನ್ನು ಕರೆತಂದಳು. ನಾನು ಮೈಸೂರಿನವಳೆಂದು ತಿಳಿದದ್ದೇ ತಡ, ತಮಿಳು ಬಿಟ್ಟು ಮನೆಮಾತಾದ ಕನ್ನಡಕ್ಕಿಳಿದಳು.

“ಮಗೀಗೆ ಮಂಕು ಹಿಡ್ದದೆ ಮೇಡಂ. ಉಣ್ಣಲ್ಲ, ಮಾತಾಡಲ್ಲ. ಪಳ್ಳಿಕೂಡ ಅಂದ್ರೆ ವಾಂತಿ ಮಾಡ್ಕತಾಳೆ. ಇಸ್ಕೂಲ್ನೋರು ರಿಜಿಸ್ಟರಿಂದ ಪೇರು ತೆಗೀತಾರಂತೆ. ಇವ್ರಪ್ಪ ಮನೇಲಿ ನೂಲು ಸುತ್ತೋಕೆ ಕೂಡ್ಸು ಅಂತಾರೆ. ಇವ್ಳು ಓದ್ಬೇಕು ಮೇಡಂ!”

ಹುಡುಗಿ ತುಟಿ ಬಿಚ್ಚಲಿಲ್ಲ. ನಾನು ಒಂದು ಕಥೆ ಹೇಳಿ, ಮಾರನೆಯ ವಾರ ಅದನ್ನೇ ಬೇಕೆಂದು ತಪ್ಪಾಗಿ ಹೇಳಿದೆ. “ನರಿ ಅಲ್ಲ, ಕಾಗೆ” ಎಂದು ಗೊಣಗಿದಳು. ಅಬ್ಬಾ, ಸಿಕ್ಕಿಬಿದ್ದಳು! ಆಮೇಲೆ ಟೆಸ್ಟ್‌ಗಳಿಗೆ ಒಗ್ಗಿದಳು. ಬುದ್ಧಿ ಚೆನ್ನಾಗಿಯೇ ಇತ್ತು. ಬಾಯಲ್ಲಿ ಕೇಳಿದರೆ ಉತ್ತರ ಬರುತ್ತಿತ್ತು, ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗುತ್ತಿದ್ದವು. ಇದಕ್ಕೆ ಡಿಸ್‌ಲೆಕ್ಸಿಯಾ ಎನ್ನುತ್ತಾರೆ. ಅದು ಯಾರ ತಪ್ಪೂ ಅಲ್ಲ. ಆದರೆ ಓದಲಾಗದ್ದಕ್ಕೆ ದಿನಾ ಪೆಟ್ಟು ತಿಂದು, ಬೆಂಚಿನ ಮೇಲೆ ನಿಂತು ಅವಳಿಗೆ ಡಿಪ್ರೆಶನ್, ಅಂದರೆ ಖಿನ್ನತೆ ಬಂದಿತ್ತು. ಅದು ಶಾಲೆಯೇ ಕೊಟ್ಟ ಕಾಯಿಲೆ.

ತಾಯಿ ಮಗಳ ಜೊತೆ ಶಾಲೆಗೆ ಹೋಗಿ, ಹೆಸರೇಕೆ ತೆಗೆಯುತ್ತೀರಿ ಎಂದು ಕೇಳಿದೆ. ಹೆಡ್‌ಮಿಸ್ಟ್ರೆಸ್ ತಮಿಳಿನಲ್ಲಿ ಹೇಳಿದ್ದು ಇಷ್ಟು: “ನಾವೇನು ಹೇಳೋದು? ರಜಾ ಕೇಳೋಕೆ ಬಂದ ಹೆತ್ತವಳೇ, ಇವಳು ಮಕ್ಕು ಅಂತ ಹೇಳಿ ಹೋದಳು.”

ತಮಿಳಿನಲ್ಲಿ ಮಕ್ಕು ಎಂದರೆ ದಡ್ಡಿ. ನನಗೆ ತಟ್ಟನೆ ಹೊಳೆಯಿತು. ಮಗಳಿಗೆ ನಾಲ್ಕು ದಿನ ರಜಾ ಕೇಳಲು ಹೋದ ರಾಜಮ್ಮ ಹೆದರಿಕೆಯಲ್ಲಿ ತಮಿಳಿನ ಮಧ್ಯೆ ಮನೆಮಾತಿನ ‘ಮಂಕು’ ಬೆರೆಸಿದ್ದಳು. ಮಗು ಸಪ್ಪಗಾಗಿದೆ, ಕಳೆಗುಂದಿದೆ ಎಂಬುದು ಅವಳ ಅರ್ಥ. ಇವರ ಕಿವಿಗೆ ಅದು ಮಕ್ಕು ಎಂದೇ ಬಿದ್ದಿತ್ತು.

“ಅಯ್ಯೋ ಶಿವನೇ, ನಾನಾ ಅಂಗಂದೆ?” ಎಂದು ರಾಜಮ್ಮ ಎದೆ ಹಿಡಿದುಕೊಂಡಳು.

ವ್ಯತ್ಯಾಸ ಬಿಡಿಸಿ ಹೇಳಿದೆ. ಹೆಡ್‌ಮಿಸ್ಟ್ರೆಸ್ ನಕ್ಕರು. “ಒಂದು ಅಕ್ಷರಕ್ಕೆ ಇಷ್ಟು ಜಗಳವಾ ಮೇಡಂ?”

ನನಗೆ ಮೈಯೆಲ್ಲ ಉರಿಯಿತು. “ಅಕ್ಷರ ತಪ್ಪಿದ್ದಕ್ಕೇ ತಾನೇ ಈ ಮಗುವನ್ನು ದಿನಾ ಹೊಡೆದದ್ದು? ಇವತ್ತು ನೀವು ತಪ್ಪಿದ್ದೀರಿ. ಯಾವ ಬೆಂಚು ಹತ್ತುತ್ತೀರಿ?”

ಅವರ ಮುಖ ಕೆಂಪಾಯಿತು. ಆಗ ತಾಯಿಯ ಸೆರಗು ಹಿಡಿದಿದ್ದ ಸೌಡೇಶ್ವರಿ, ಆ ಶಾಲೆಯಲ್ಲಿ ಎಷ್ಟೋ ದಿನಗಳ ಮೇಲೆ ಬಾಯಿ ಬಿಟ್ಟಳು.

“ನಾನ್ ಮಕ್ಕು ಇಲ್ಲೆ, ಟೀಚರ್.”

ಮಕ್ಕು ಅಲ್ಲ ಎಂದು ಅವಳು ಅವರದೇ ಭಾಷೆಯಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ರಾಜಮ್ಮ ಬಾಗಿಲಿಗೆ ಅಡ್ಡ ಕೂತೇಬಿಟ್ಟಳು. “ಪೇರು ಇರ್‍ತದೆ ಅಂತ ಹೇಳೋಗಂಟ ಏಳಾಕಿಲ್ಲ.”

ಹೆಸರು ಉಳಿಯಿತು. ಪರೀಕ್ಷೆಯನ್ನು ಬಾಯಲ್ಲೇ ಕೇಳಲು ಗೊಣಗುತ್ತಲೇ ಒಪ್ಪಿದರು. ಅವಳ ಓದು ಕೊನೆಯವರೆಗೂ ನಿಧಾನವೇ. ಮಂಕು ಮಾತ್ರ ಮಳೆಗಾಲ ಮುಗಿಯುವುದರೊಳಗೆ ಬಿಟ್ಟಿತು.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮಗುವಿಗೆ ಯಾರಾದರೂ ಹೆಸರಿಟ್ಟರೆ, ಮೊದಲು ಆ ಹೆಸರನ್ನು ಪರೀಕ್ಷೆ ಮಾಡಬೇಕು, ಮಗುವನ್ನು ಆಮೇಲೆ.