ಘಟದಲ್ಲಿ ಮೊಳೆಯದ ಗೋದಿ

ನಂಬಿಕೆ ಎಂಬುದು ನಮ್ಮ ಮನೆತನಕ್ಕೆ ಒಗ್ಗಿದ್ದಲ್ಲ. ಅವ್ವ ಹಾಲಿನವಳನ್ನು ನಂಬುತ್ತಿರಲಿಲ್ಲ, ತಮ್ಮ ಯಾರನ್ನೂ ನಂಬುತ್ತಿರಲಿಲ್ಲ, ನಾನು ಅವರಿಬ್ಬರನ್ನೂ ನಂಬುತ್ತಿರಲಿಲ್ಲ. ಅರವತ್ತರ ದಶಕದ ನಡುವಿನ ಮಾತು. ಮನೆಯ ಹಿರಿಮಗಳಾದ ನಾನು ವಿಜಾಪುರದ ಕಾಲೇಜೊಂದರಲ್ಲಿ ಹುಡುಗರಿಗೆ ಸಸ್ಯಶಾಸ್ತ್ರದ ಪ್ರಯೋಗ ಮಾಡಿಸುತ್ತಿದ್ದೆ. ಮದುವೆಯ ಗೋಜಿಗೆ ಹೋಗದೆ ಇಬ್ರಾಹಿಂಪುರದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದೆ. ಅವ್ವ, ತಮ್ಮ, ಅವನ ಹೆಂಡತಿ ಬಬಲೇಶ್ವರದ ಮನೆಯಲ್ಲಿದ್ದರು. ತಮ್ಮನ ಹೆಂಡತಿ ತಿಕೋಟಾದವಳು, ನಮ್ಮ ಮನೆಯಲ್ಲಿ ಅವಳಿಗದು ಎರಡನೇ ದಸರಾ.

ಆ ವರ್ಷ ನವರಾತ್ರಿಗೆ ಘಟ ಹಾಕುವ ಕೆಲಸವನ್ನು ಅವ್ವ ಸೊಸೆಗೆ ವಹಿಸಿದ್ದಳು. ದೇವರ ಮುಂದೆ ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ಅದರಲ್ಲಿ ಗೋದಿ ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಡುವುದು ನಮ್ಮ ಕಡೆಯ ಪದ್ಧತಿ. ಹಬ್ಬ ಮುಗಿಯುವ ಹೊತ್ತಿಗೆ ಸಸಿ ಹುಲುಸಾಗಿ ಬಂದರೆ ಮನೆಗೆ ಒಳ್ಳೆಯದು. ಬಿತ್ತಿದವಳ ಕೈಗುಣವೂ ಅಲ್ಲೇ ತೀರ್ಮಾನವಾಗುತ್ತಿತ್ತು. ನಾನು ರಜೆಗೆ ಹೋದಾಗ ಗಡಿಗೆಯ ಸುತ್ತ ಬರೀ ಕರಿಮಣ್ಣು. ಒಂದು ಮೊಳಕೆಯೂ ಎದ್ದಿರಲಿಲ್ಲ.

“ಇಂಥಾ ಕೈಯಾಕಿ ಮನ್ಯಾಗಿದ್ದರ ವಂಶ ಹೆಂಗ ಬೆಳೀತೈತಿ? ತವರಿಗೆ ಕಳಿಸಿಬಿಡೂದ ಛಲೋ,” ಎಂದಳು ಅವ್ವ. ಕಳಿಸುವುದೆಂದರೆ ನಾಲ್ಕು ದಿನದ ಮಟ್ಟಿಗಲ್ಲ, ಮತ್ತೆ ಕರೆಯದ ಹಾಗೆ ಕಳಿಸುವುದು. ಆ ಹುಡುಗಿ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಸಂಶಯ ನೆಟ್ಟಗೆ ಅವ್ವನ ಮೇಲೆಯೇ ಹೋಯಿತು. ಮಮದಾಪುರದಲ್ಲಿರುವ ತನ್ನ ತಮ್ಮನ ಮಗಳನ್ನು ಸೊಸೆ ಮಾಡಿಕೊಳ್ಳಬೇಕೆಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಬಿತ್ತಿ ಉಳಿದ ಗೋದಿ ದೇವರ ಜಗಲಿಯ ಮೇಲೆ ಬಟ್ಟಲಲ್ಲಿತ್ತು. ಅದನ್ನೊಂದು ಕಾಗದದಲ್ಲಿ, ಅದೇ ಬೆಳೆಯ ಗೋದಿಯನ್ನು ಚೀಲದಿಂದ ತೆಗೆದು ಇನ್ನೊಂದು ಕಾಗದದಲ್ಲಿ ಕಟ್ಟಿಕೊಂಡೆ.

“ಪರೀಕ್ಷಾ ಮಾಡಿ ಬರತೇನಿ ಬೇ ಯವ್ವಾ. ಅಲ್ಲೀತನಕ ಆಕೀನ್ನ ಎಲ್ಲೂ ಕಳಿಸಬ್ಯಾಡ.”

“ಮಾಡಕೋ ಹೋಗು. ನಿನ್ನ ಕಾಲೇಜ ಹೇಳಿದರ ಮಣ್ಣಾಗ ಸಸಿ ಏಳತಾವೇನು?” ಎಂದು ಅವ್ವ ನಕ್ಕಳು. ಆ ನಗೆಯೂ ನನಗೆ ಸರಿ ಕಾಣಲಿಲ್ಲ.

ಗೋದಿಕಾಳಿನ ಒಂದು ತುದಿಯಲ್ಲಿ ಭ್ರೂಣವಿರುತ್ತದೆ. ಉಳಿದದ್ದು ಹೆಚ್ಚುಕಡಿಮೆ ಹಿಟ್ಟು. ಸಿಪ್ಪೆಯ ಕೆಳಗೆ ಜೀವಕೋಶಗಳ ಒಂದು ತೆಳುವಾದ ಪದರ. ನೀರು ತಾಗಿದ ಮೇಲೆ ಭ್ರೂಣ ಒಂದು ಹಾರ್ಮೋನನ್ನು ಕಳಿಸುತ್ತದೆ. ಅದು ಮುಟ್ಟಿದಾಗಲೇ ಪದರದ ಕೋಶಗಳು, ಹಿಟ್ಟನ್ನು ಕರಗಿಸಿ ಸಕ್ಕರೆ ಮಾಡುವ ಪ್ರೋಟೀನನ್ನು ತಯಾರಿಸತೊಡಗುತ್ತವೆ. ಬೇಕಾದ ಸಾಮಾನೆಲ್ಲ ಒಳಗೇ ಇದ್ದರೂ ಅಪ್ಪಣೆ ಬರುವ ತನಕ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಆಗಿನ್ನೂ ಹೊಸ ವಿಷಯ ಅದು. ಪುರಾವೆ ಸಿಗದೆ ಕೈ ಅಲ್ಲಾಡಿಸದ ಆ ಕೋಶಗಳ ಮೇಲೆ ನನಗೆ ವಿಪರೀತ ಅಭಿಮಾನ.

ಎರಡೂ ಬಗೆಯ ಕಾಳುಗಳಿಂದ ಭ್ರೂಣದ ತುದಿಯನ್ನು ಕತ್ತರಿಸಿ ಬಿಸಾಡಿದೆ. ಉಳಿದ ಅರ್ಧಗಳಿಗೆ ನಮ್ಮ ಪ್ರಾಧ್ಯಾಪಕರು ಪುಣೆಯಿಂದ ತರಿಸಿದ್ದ ಹಾರ್ಮೋನು ಹಾಕಿ, ಗಂಜಿ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಯ ಮೇಲಿಟ್ಟೆ. ಎರಡು ದಿನ ಬಿಟ್ಟು ಅಯೋಡಿನ್ ಸುರಿದಾಗ ಗಂಜಿ ಕಡುನೀಲಿಯಾಯಿತು. ಚೀಲದ ಗೋದಿಯ ಸುತ್ತ ಮಾತ್ರ ಗಂಜಿ ಕರಗಿ ಬಿಳಿ ಉಂಗುರ ಮೂಡಿತ್ತು. ಬಟ್ಟಲಿನ ಗೋದಿಯ ಸುತ್ತ ಏನೂ ಇಲ್ಲ. ಬರೀ ಭ್ರೂಣ ಕೆಟ್ಟಿದ್ದರೆ, ನಾನು ಹೊರಗಿನಿಂದ ಅಪ್ಪಣೆ ಕೊಟ್ಟಾಗ ಪದರವಾದರೂ ಕೆಲಸ ಮಾಡಬೇಕಿತ್ತು. ಅಪ್ಪಣೆ ಕೇಳಬೇಕಾದ ಕೋಶಗಳೇ ಸತ್ತಿದ್ದವು. ಚೀಲದ ಗೋದಿಯನ್ನು ಒಂದಿಷ್ಟು, ಬಣ್ಣ ತಿರುಗದ ಹಾಗೆ ಹಂಚಿನ ಮೇಲೆ ಕಾಸಿ ನೋಡಿದೆ. ಅದರದೂ ಅದೇ ಕಥೆಯಾಯಿತು. ಯಾರೋ ಬೇಕೆಂತಲೇ ಬಿತ್ತುವ ಗೋದಿಯನ್ನು ಒಲೆಗೆ ತೋರಿಸಿದ್ದರು.

ಅವ್ವ ಸಿಕ್ಕಿಬಿದ್ದಳೆಂಬ ಹುರುಪಿನಲ್ಲಿ, ಯಾರಿಗೂ ತಿಳಿಸದೆ ಬಬಲೇಶ್ವರದ ಬಸ್ಸು ಹತ್ತಿದೆ. ಮನೆಯ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು. ತಿರುಗಿ ಹೊರಡಬೇಕು, ಅಷ್ಟರಲ್ಲಿ ಕಿಟಕಿಯಿಂದ ತಮ್ಮನ ಹೆಂಡತಿಯ ದನಿ ಬಂತು.

“ಅಕ್ಕಾರ, ನಾ ಒಳಗದೇನ್ರಿ. ಅತ್ತಿ ಮಮದಾಪುರಕ್ಕ ಹೋಗ್ಯಾರ. ಇವರು ಹೊಲದಾಗ ಅದಾರ.”

“ಕೀಲಿ ಯಾರು ಹಾಕಿದ್ದು?”

“ಇವರ ಹಾಕ್ತಾರ್ರಿ, ದಿನಾ ಹೊಲಕ್ಕ ಹೋಗುವಾಗ. ನೀವು ಬರತೀರಿ ಅಂತ ಗೊತ್ತಿದ್ದಾಗಷ್ಟ ಹಾಕೂದಿಲ್ಲ.”

ನಾನು ಕಿಟಕಿಯ ಹತ್ತಿರ ಹೋದೆ. ಏನಾದರೂ ಸಮಾಧಾನ ಹೇಳಬೇಕೆಂದು, “ನಿನ್ನ ಕೈಗುಣದ್ದೇನೂ ತಪ್ಪಿಲ್ಲ. ಗೋದಿ ಕಾಸ್ಯಾರ. ಯಾರು ಅಂತ ನನಗ ಗೊತ್ತೈತಿ,” ಎಂದೆ.

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. “ನಾನ ಕಾಸೇನ್ರಿ. ನಾನಾಗಿ ಎದ್ದು ಹೋದರ ನಮ್ಮಪ್ಪ ಮರುದಿನಾನ ತಂದು ಬಿಡ್ತಾನ. ಹೋದ ವರ್ಷ ಹಂಗ ಆತು. ಈ ಮನ್ಯಾವರ ಹೊರಗ ಹಾಕಿದರ ನಮ್ಮಪ್ಪಗ ಸಿಟ್ಟು ಬರತೈತಿ, ಮತ್ತ ಕಳಿಸೂದಿಲ್ಲ. ನಿಮ್ಮ ಕಾಲಿಗೆ ಬೀಳತೇನ್ರಿ ಅಕ್ಕಾರ, ಪರೀಕ್ಷಾದ್ದು ಯಾರ ಮುಂದೂ ಹೇಳಬ್ಯಾಡ್ರಿ.”

ಎಲ್ಲರ ಮೇಲೂ ಸಂಶಯ ಪಟ್ಟಿದ್ದೆ, ಇವಳೊಬ್ಬಳನ್ನು ಬಿಟ್ಟು. ಕಟ್ಟೆಯ ಮೇಲೆ ಕುಳಿತು ಕಾದೆ. ಇಳಿಹೊತ್ತಿಗೆ ಅವ್ವ ಬಂದಳು, ಹಿಂದೆಯೇ ತಮ್ಮ ಬಂದು ಮುಖ ತಪ್ಪಿಸಿ ಕೀಲಿ ತೆಗೆದ.

“ಏನಂತು ನಿನ್ನ ಪರೀಕ್ಷಾ?” ಎಂದಳು ಅವ್ವ.

“ನೀ ಹೇಳಿದ್ದ ಖರೆ ಬೇ ಯವ್ವಾ. ಆಕೀ ಕೈಗುಣ ಛಲೋ ಇಲ್ಲ. ತವರಿಗೆ ನಾನ ಮುಟ್ಟಿಸಿ ಬರತೇನಿ.”

ಅವ್ವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಕಾಲೇಜಿನ ಮಗಳೇ ಮಷೀನಿನಲ್ಲಿ ನೋಡಿ ಹೇಳಿದಳೆಂದು ಓಣಿಯಲ್ಲೆಲ್ಲ ಸಾರಿದಳು. ತಮ್ಮ ಮಾತ್ರ ನನ್ನನ್ನೇ ದಿಟ್ಟಿಸುತ್ತ ಕುಳಿತಿದ್ದ. ಕುಳಿತರೆ ಕುಳಿತಿರಲಿ ಎಂದುಕೊಂಡೆ.

ಮರುದಿನ ತಿಕೋಟಾದಲ್ಲಿ ಅವಳಪ್ಪ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಬೈದ. “ನನ್ನ ಮಗಳ ಕೈಗೆ ಹೆಸರಿಟ್ರೇನು? ಇನ್ನ ನೀವು ಬಂದು ಅಂಗಲಾಚಿದರೂ ಕಳಿಸೂದಿಲ್ಲ!” ಅಷ್ಟು ಬೈಗುಳ ತಿಂದು ಅಷ್ಟು ಸಂತೋಷ ನನಗೆ ಇನ್ನೆಂದೂ ಆಗಿಲ್ಲ. ಹುಡುಗಿ ಹಿಂತಿರುಗಿ ನೋಡದೆ ಒಳಗೆ ಹೋದಳು.

ನಾನು ಖೋಲಿಗೆ ಹೋಗಲಿಲ್ಲ. ಬಸ್ಸು ಬದಲಿಸಿ ಮಮದಾಪುರಕ್ಕೆ ಹೋದೆ. ಅವ್ವನ ತಮ್ಮ, ನಮ್ಮ ಮಾಮಾ, ಚಹಾ ತರಿಸಿ, ನನ್ನ ತಮ್ಮನೊಂದಿಗೆ ಮಗಳ ಮದುವೆಯ ಮಾತು ತೆಗೆದರು.

“ಕೊಡಬ್ಯಾಡ್ರಿ ಮಾಮಾ,” ಎಂದೆ. “ನಮ್ಮ ಮನ್ಯಾಗ ಸೊಸೀನ್ನ ಒಳಗಿಟ್ಟು ಹೊರಗಿಂದ ಕೀಲಿ ಹಾಕ್ತಾರ.”

“ನೀ ಇಲ್ಲಿಗೆ ಬಂದದ್ದು ನಿಮ್ಮ ಅವ್ವಗ ಗೊತ್ತೈತೇನು?”

“ಇಲ್ರಿ.”

ಮಾಮಾ ನನ್ನ ಮಾತು ನಂಬಿದರೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ. ಆದರೆ ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಮಾಮಾನ ಮಗಳು ಕೇಳಿಸಿಕೊಂಡಿದ್ದಳು.